ಮಾತಿಗೆ ಕೊಟ್ಟ ಕೋಳಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಜೆಲಿಫಾ ಕಮೋಟೊ ಎಂದು ನನ್ನ ಹೆಸರು, ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ವರ್ಷದಿಂದ ನರ್ಸು. ಸಿಸ್ಟರ್ ಕಮೋಟೊ ಬಾಯಿ ತೆರೆದರೆ ಮಾವಿನಮರದ ಕಾಗೆಗಳೂ ಜಾಗ ಬಿಡುತ್ತವೆ ಎಂದು ಚೀಟಿ ಕಿಟಕಿಯ ಗುಮಾಸ್ತ ಡಿಸೋನಿ ಆಡಿಕೊಳ್ಳುತ್ತಾನೆ. ಈ ಕತೆಯಲ್ಲಿ ಆ ಸಿಟ್ಟಿನ ದೊಡ್ಡ ಪಾಲು ನನ್ನ ಮೇಲೆಯೇ ಇದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ.

ಬಲಾತ್ಕಾರಕ್ಕೆ ಸಿಕ್ಕಿ ಬಂದ ಹೆಂಗಸರನ್ನು ನೋಡಿಕೊಳ್ಳಲು ನಮ್ಮಲ್ಲಿ ಒಂದು ಕೋಣೆ ಇದೆ, ನಾಲ್ಕನೇ ನಂಬರಿನದು. ಅದು ನನ್ನ ಸುಪರ್ದಿಯಲ್ಲಿದೆ. ಆಗ ಹೇಗಿತ್ತೆಂದರೆ, ಬಂದವಳು ಮೊದಲು ಚೀಟಿ ಕಿಟಕಿಯಲ್ಲಿ ಏನಾಯಿತೆಂದು ಹೇಳಬೇಕು. ಆಮೇಲೆ ನನಗೆ ಹೇಳಬೇಕು. ನಾನು ಪೊಲೀಸ್ ಕಾಗದ ತಾ ಎಂದು ಕಳಿಸುತ್ತಿದ್ದೆ. ಅಲ್ಲಿ ಕೌಂಟರಿನವನಿಗೊಮ್ಮೆ, ಒಳಗೆ ಬರೆಯುವವನಿಗೊಮ್ಮೆ ಹೇಳಬೇಕು. ಕಾಗದ ಹಿಡಿದು ಬಂದರೆ ಮತ್ತೆ ನನಗೆ, ಆಮೇಲೆ ಡಾಕ್ಟರಿಗೆ, ಸಮಾಜ ಕಲ್ಯಾಣದವರಿಗೆ, ಕೊನೆಗೆ ಸರ್ಕಾರಿ ವಕೀಲರಿಗೆ. ಒಬ್ಬೊಬ್ಬರೂ ‘ಮೊದಲಿಂದ ಹೇಳಮ್ಮ’ ಎನ್ನುವವರೇ. ಮೊದಲ ಸಲ ಹೇಳುವಾಗ ಹೆಂಗಸರು ಅಳುತ್ತಾರೆ. ಮೂರನೇ ಸಲಕ್ಕೆ ನೆರೆಮನೆಯವಳಿಗೆ ಆದದ್ದನ್ನು ಹೇಳುವಂತೆ ಹೇಳುತ್ತಾರೆ. ಐದನೇ ಸಲಕ್ಕೆ ದಿನ, ಹೊತ್ತು ಕಲಸಿಹೋಗುತ್ತವೆ. ಆರನೇ ಸಲಕ್ಕೆ ಬರುವುದೇ ಇಲ್ಲ. ಬಾರದವರ ಫಾರಮ್ಮಿನ ಮೇಲೆ ನಾನು ಕೆಂಪು ಶಾಯಿಯಲ್ಲಿ ‘ಮರಳಿ ಬರಲಿಲ್ಲ’ ಎಂದು ಬರೆದು ಕಪಾಟಿಗೆ ಸೇರಿಸುತ್ತಿದ್ದೆ. ಈ ಹೆಂಗಸರಿಗೆ ಗಟ್ಟಿತನ ಸಾಲದು ಎಂದು ನಾನು ನಿಜವಾಗಿಯೂ ನಂಬಿದ್ದೆ.

ಮಲಿಟಾ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ನಲವತ್ತರ ಆಸುಪಾಸಿನ ವಿಧವೆ, ಸರೋವರದ ದಡದ ಸಂತೆಯಲ್ಲಿ ಒಣಗಿಸಿದ ಉಸಿಪಾ ಮೀನು ಮಾರುವವಳು. ನಾನೂ ಎಷ್ಟೋ ಸಲ ಅವಳ ಹತ್ತಿರ ಚೌಕಾಸಿ ಮಾಡಿ ಸೋತಿದ್ದೆ. ಅಂದು ಅವಳು ಕಿಟಕಿಯ ಮುಂದೆ ಮಂಡಿಯೂರಿದಳು. ದೊಡ್ಡವರ ಹತ್ತಿರ, ಕಚೇರಿಯವರ ಹತ್ತಿರ ಮಾತಾಡುವಾಗ ನಮ್ಮ ಹೆಂಗಸರು ಹಾಗೇ ಮಾಡುವುದು. ಕಿಟಕಿ ಎತ್ತರದಲ್ಲಿದೆ. ಡಿಸೋನಿಗೆ ಅವಳು ಕಾಣಲಿಲ್ಲ.

“ಯಾರಪ್ಪ ಅದು? ದನಿ ಮಾತ್ರ ಬರ್ತಿದೆ, ಆಳೇ ಇಲ್ಲ,” ಎಂದ. ಸಾಲಿನಲ್ಲಿದ್ದವರು ನಕ್ಕರು. “ಎದ್ದು ನಿಂತು ಹೇಳಿ ಅಮಾಯಿ. ಜೋರಾಗಿ.” ಅಮ್ಮ ಎಂದು ಕರೆಯುವಾಗಲೂ ಅವನ ದನಿ ಹಾಗೇ.

ಅವಳು ಎದ್ದು ನಿಂತು ಹೇಳಿದಳು. ಸಾಲಿನ ನಗು ನಿಂತಿತು, ಆಮೇಲೆ ಪಿಸುಮಾತು ಶುರುವಾಯಿತು. ಹಿಂದಿನ ಸಂಜೆ ಜೋಳ ಬೀಸಿಸಲು ಹೋಗಿದ್ದಳು, ಸಾಲಿನಲ್ಲಿ ಅವಳೇ ಕೊನೆಯವಳು, ಹಿಟ್ಟಿನ ಗಿರಣಿಯ ಯಜಮಾನ ಬಾಗಿಲು ಹಾಕಿಕೊಂಡ. ಅವನ ಹೆಸರನ್ನು ನಾನು ಬರೆಯುವುದಿಲ್ಲ. ಆ ಹೆಸರಿಗೆ ನನ್ನ ಶಾಯಿ ದಂಡ.

ನಾಲ್ಕನೇ ಕೋಣೆಗೆ ಬಂದು ಅದನ್ನೇ ನನಗೂ ಹೇಳಿದಳು. ಪೂರ್ತಿ ಕೇಳಿಸಿಕೊಂಡು ನಾನು ಕೇಳಿದ್ದು ಒಂದೇ ಮಾತು: “ಪೊಲೀಸ್ ಕಾಗದ ಎಲ್ಲಿ?”

“ಮೊದಲು ಇಲ್ಲಿಗೇ ಬಂದೆ ಸಿಸ್ಟರ್. ಇದೇ ಹತ್ರ.”

“ಕಾಗದ ಇಲ್ದೆ ಫಾರಮ್ ತೆಗೆಯೋ ಹಾಗಿಲ್ಲ. ಹೋಗಿ ತಗೊಂಡು ಬಾ.”

ಅಂಥ ನಿಯಮ ಎಲ್ಲೂ ಬರೆದಿಲ್ಲ. ಎಚ್‌ಐವಿ ತಗಲದಂತೆ ಮೊದಲು ಮಾತ್ರೆ ಕೊಡಬೇಕು, ಮೂರು ದಿನದೊಳಗೆ ಶುರು ಮಾಡದಿದ್ದರೆ ಆ ಮಾತ್ರೆಯಿಂದ ಪ್ರಯೋಜನವಿಲ್ಲ, ಕಾಗದ ಆಮೇಲೆ ಬಂದರೂ ನಡೆಯುತ್ತದೆ. ಇದೆಲ್ಲ ನನಗೆ ತಿಳಿದದ್ದು ತಡವಾಗಿ. ನನಗಿಂತ ಹಿಂದಿನ ಸಿಸ್ಟರು ಹಾಗೆ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಅವಳು ಸೈಕಲ್ ಟ್ಯಾಕ್ಸಿಯ ಹಿಂದೆ ಕೂರಲಾರದೆ ಎಂಟು ಮೈಲಿ ನಡೆದು ಠಾಣೆಗೆ ಹೋದಳು. ಕೂರಲಾರದ ಕಾರಣ ನಾನು ಊಹಿಸಬಹುದಿತ್ತು. ಊಹಿಸಲಿಲ್ಲ.

ಬುಧವಾರ ಮಧ್ಯಾಹ್ನ ಕಾಗದ ಹಿಡಿದು ಬಂದಳು. ಠಾಣೆಯಲ್ಲಿ ಇಬ್ಬರಿಗೆ ಹೇಳಿದ್ದಳು. ಎರಡನೆಯವನು ಬರೆದುಕೊಂಡದ್ದು ಎರಡೇ ಸಾಲು. ಪೂರ್ತಿ ಹೇಳಿಕೆ ಸಾರ್ಜೆಂಟ್ ಲಿಪೆಂಗಾ ಊರಿಂದ ಬಂದ ಮೇಲೆ ಎಂದಿದ್ದರು. ನಾನು ಫಾರಮ್ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, “ಹೂಂ, ಮೊದಲಿಂದ ಹೇಳು,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ನಿನ್ನೆ ನಿಮಗೇ ಹೇಳಿದ್ನಲ್ಲ ಸಿಸ್ಟರ್. ಆ ಮಾತು ಎಲ್ಲಿ ಹೋಯ್ತು?”

“ಬರ್ಕೊಂಡಿರ್ಲಿಲ್ಲ.”

ಅವಳು ತಲೆಯಾಡಿಸಿ ಮತ್ತೆ ಹೇಳಿದಳು. ನಾನು ಚೌಕಗಳಲ್ಲಿ ಗುರುತು ಹಾಕುತ್ತ ಹೋದೆ. ಅಷ್ಟರಲ್ಲಿ ಡಾಕ್ಟರ್ ಚಿಪೇಟಾ ಒಳಗೆ ಬಂದ. ಒಳ್ಳೆಯ ಹುಡುಗ, ಕೈ ಮೃದು. ಸ್ಟೂಲು ಎಳೆದು ಕೂತು, “ಹೇಳಿ ಅಮಾಯಿ, ಏನಾಯ್ತು?” ಎಂದ.

ಮಲಿಟಾ ಬಾಯಿ ತೆರೆದಳು. ಏನೂ ಬರಲಿಲ್ಲ. ಇನ್ನೊಮ್ಮೆ ತೆರೆದಳು. ಆಮೇಲೆ ಅಂಗೈಯನ್ನು ಬಾಯಿಯ ಮೇಲಿಟ್ಟುಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಳು. ಡಾಕ್ಟರು ಕೇಳಿದ್ದಕ್ಕೆಲ್ಲ ತಲೆಯಲ್ಲೇ ಉತ್ತರ. ಪರೀಕ್ಷೆ ಮುಗಿಸಿ, ಇಪ್ಪತ್ತೆಂಟು ದಿನದ ಮಾತ್ರೆ ಶುರು ಮಾಡಿ, ವಾರಕ್ಕೊಮ್ಮೆ ಬುಧವಾರ ಬರಬೇಕೆಂದು ಹೇಳಿ ಕಳಿಸಿದೆವು.

ಬಂದಳು. ಎರಡು ಬುಧವಾರ ಬಂದು ಮಾತ್ರೆ ತೆಗೆದುಕೊಂಡು ಹೋದಳು, ಒಂದು ಮಾತೂ ಆಡಲಿಲ್ಲ. ಸೊಂಟದ ಚಿತೆಂಜೆ ಬಟ್ಟೆ ವಾರವಾರಕ್ಕೂ ಒಂದು ಸುತ್ತು ಹೆಚ್ಚು ಸುತ್ತಿಕೊಳ್ಳುತ್ತಿತ್ತು. ಅಷ್ಟು ಇಳಿದುಹೋಗಿದ್ದಳು. ಸಂತೆಯಲ್ಲಿ ಅವಳ ಜಾಗ ಖಾಲಿ, ಮೀನಿಗೆ ಹುಳ ಬಿದ್ದಿದೆ ಎಂದು ಪಕ್ಕದ ಟೊಮೆಟೊದವಳು ಹೇಳಿದಳು. ಲಿಪೆಂಗಾ ಎರಡು ಸಲ ಅವಳ ಮನೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದ. ನನಗೆ ಫೋನ್ ಮಾಡಿ, “ದೂರು ಕೊಟ್ಟವಳೇ ಬಾಯಿ ಬಿಡಲ್ಲ ಅಂದ್ರೆ ನಾನೇನು ಮಾಡ್ಲಿ ಸಿಸ್ಟರ್? ಬರೋ ಸೋಮವಾರದೊಳಗೆ ಹೇಳಿಕೆ ಬರದಿದ್ರೆ ಫೈಲು ಮುಚ್ತೀನಿ,” ಎಂದ. ಗಿರಣಿ ಎಂದಿನಂತೆ ಓಡುತ್ತಿತ್ತು. ಊರಿಗೆಲ್ಲ ಅದೊಂದೇ ಗಿರಣಿ. ಅವನ ಮುಂದೆಯೇ ಹೆಂಗಸರು ಸಾಲು ನಿಲ್ಲಬೇಕು.

ಮುಂದಿನ ಬುಧವಾರ ಅವಳ ಜೊತೆ ಅವಳ ಸೋದರಮಾವ ಬಂದರು. ಗಲಸ್ಯಾನೊ ಎಂದು, ಟೋಪಿ ಕಂಕುಳಲ್ಲಿ ಇಟ್ಟುಕೊಂಡ ಮುದುಕರು. ನಮ್ಮಲ್ಲಿ ಪ್ರತಿ ಹೆಣ್ಣಿಗೂ ಒಬ್ಬ ಎನ್‌ಖೋಸ್ವೆ ಇರುತ್ತಾನೆ. ಸಾಮಾನ್ಯವಾಗಿ ಸೋದರಮಾವನೇ. ಮದುವೆಯ ಮಾತಿರಲಿ, ಗಂಡನ ಮನೆಯ ಜಗಳವಿರಲಿ, ಸಾವಿರಲಿ, ಅವಳ ಮಾತನ್ನು ಅವನು ಹೊತ್ತು ಹೋಗಿ ಆಡುತ್ತಾನೆ. ಅವಳು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತರಾಯಿತು.

“ಸಿಸ್ಟರ್, ಇದು ಮನೆ ಮನೆಗಳ ನಡುವಿನ ಮಾತು,” ಎಂದರು ಮುದುಕರು. “ಗಿರಣಿಯವನ ಸೋದರಮಾವ ನನ್ನ ಹತ್ರ ಬಂದಿದ್ದ. ತಪ್ಪಾಯ್ತು ಅಂದ. ನಾಲ್ಕು ಆಡು ಕೊಡ್ತಾನೆ. ಇನ್ನು ಅವಳ ಹಿಟ್ಟು ಜೀವಮಾನ ಪೂರ್ತಿ ಪುಕ್ಕಟೆ ಬೀಸಿಕೊಡ್ತಾನೆ. ನಿಮ್ಮ ಹತ್ರ ಇರೋ ಕಾಗದ ಹರಿದುಬಿಡಿ.”

ಪುಕ್ಕಟೆ ಬೀಸಿಕೊಡುತ್ತಾನಂತೆ. ನನ್ನ ನಾಲಿಗೆ ತುದಿಗೆ ಬಂದದ್ದನ್ನು ನಾನು ಆಡುವ ಮೊದಲೇ ಹಿಂದಿನಿಂದ ದನಿ ಬಂತು. ಅಷ್ಟು ದಿನ ಬಳಸದ ದನಿ, ಗೊರಗೊರ ಎನ್ನುತ್ತಿತ್ತು.

“ಮಾವ. ನನ್ನ ಮದುವೆ ಮಾತು ನಿಮ್ಮ ಕೈಲಿ ಕೊಟ್ಟಿದ್ದೆ. ಗಂಡ ಸತ್ತಾಗ ಅವನ ಕಡೆಯವರ ಹತ್ರ ಆಡೋ ಮಾತೂ ಕೊಟ್ಟಿದ್ದೆ. ಈ ಮಾತು ನಿಮಗೆ ನಾನು ಕೊಟ್ಟಿಲ್ಲ.”

ಮುದುಕರ ಕಂಕುಳಿಂದ ಟೋಪಿ ಬಿತ್ತು. ಸೋದರಮಾವನಿಗೆ ಹಾಗೆ ಹೇಳಿದ ಹೆಣ್ಣನ್ನು ನಾನು ಆವರೆಗೆ ಕಂಡಿರಲಿಲ್ಲ.

“ಹಂಗಾದ್ರೆ ನಿನ್ನ ಪರವಾಗಿ ಯಾರು ಆಡ್ತಾರೆ?” ಎಂದರು ಅವರು ಟೋಪಿ ಎತ್ತಿಕೊಳ್ಳುತ್ತ. “ನಿನಗಂತೂ ಬಾಯೇ ಬರ್ತಿಲ್ಲ. ಮೂರು ವಾರದಿಂದ ಊರೆಲ್ಲ ನೋಡ್ತಿದೆ.”

ಮಲಿಟಾ ಎದ್ದಳು. ಮಾತ್ರೆಯ ಡಬ್ಬಿ ತೆಗೆದುಕೊಂಡು ಹೊರಟುಹೋದಳು. ನಾನು ಕಾಗದ ಹರಿಯಲಿಲ್ಲ. ಆದರೆ ಕೆಂಪು ಶಾಯಿಯ ಪೆನ್ನು ಮೇಜಿನ ಮೇಲೆಯೇ ಇತ್ತು. ಅದನ್ನು ತೆಗೆದಿಡಬೇಕೆಂದೂ ನನಗೆ ಅನಿಸಲಿಲ್ಲ.

ಮರುದಿನ ಗುರುವಾರ ಚೀಟಿ ಸಾಲಿನಲ್ಲಿ ಗಲಾಟೆ. ಹೊರಗೆ ಬಂದು ನೋಡಿದರೆ ಮಲಿಟಾ ನಿಂತಿದ್ದಾಳೆ, ಕಂಕುಳಲ್ಲಿ ಚುಕ್ಕೆ ಚುಕ್ಕೆಯ ಒಂದು ಹೇಂಟೆ. ಡಿಸೋನಿ ಕಿಟಕಿಯಿಂದ ತಲೆ ಹೊರಹಾಕಿ, “ಅಮಾಯಿ, ಸಂತೆ ಆ ಕಡೆ. ಇಲ್ಲಾ ಕೋಳಿಗೇನಾದ್ರೂ ಮಲೇರಿಯಾನಾ?” ಎನ್ನುತ್ತಿದ್ದ. ಅವಳು ಕಿಟಕಿಯ ಕಡೆ ನೋಡಲೂ ಇಲ್ಲ, ನೆಟ್ಟಗೆ ನನ್ನ ಕೋಣೆಗೆ ನಡೆದಳು.

ನನಗೆ ರೇಗಿತು. “ಮಲಿಟಾ, ಕಾಣಿಕೆ ಗೀಣಿಕೆ ತಗೊಂಡ್ರೆ ನನ್ನ ಕೆಲಸ ಹೋಗುತ್ತೆ. ಗೋಡೆ ಮೇಲೆ ಬೋರ್ಡ್ ಹಾಕಿದೀವಿ. ತಗೊಂಡು ಹೋಗು.”

“ಇದು ಕಾಣಿಕೆ ಅಲ್ಲ ಸಿಸ್ಟರ್.”

“ಮತ್ತೇನು?”

“ನೀವು ನನಗೆ ಎನ್‌ಖೋಸ್ವೆ ಆಗಬೇಕು.”

ಮದುವೆಯ ಮಾತಿನಲ್ಲಿ ಎನ್‌ಖೋಸ್ವೆಗಳ ನಡುವೆ ಕೋಳಿ ಕೈ ಬದಲಾಯಿಸಿದರೆ ಮಾತು ಗಟ್ಟಿಯಾಯಿತು ಎಂದರ್ಥ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ, ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಅಷ್ಟು ವರ್ಷ ಬಿಳಿ ಯೂನಿಫಾರಂ ಹಾಕಿ ಹಾಕಿ, ಕೋಳಿ ಎಂದರೆ ಲಂಚ ಎನ್ನುವುದೊಂದೇ ತಲೆಯಲ್ಲಿ ಉಳಿದಿತ್ತು.

“ನಾನು ನಿನ್ನ ಕುಲದವಳಲ್ಲ,” ಎಂದೆ. “ಗಂಡಸೂ ಅಲ್ಲ.”

“ಗೊತ್ತು. ಅದಕ್ಕೇ ಬಂದೆ.” ಅವಳು ಕೋಳಿಯ ಕಾಲು ಸರಿಯಾಗಿ ಹಿಡಿದುಕೊಂಡಳು. “ನೀವು ಎಲ್ಲರ ಹತ್ರ ಜೋರು ಮಾಡ್ತೀರ. ನನ್ನ ಹತ್ರಾನೂ ಮಾಡಿದ್ರಿ. ನನ್ನ ಮಾತು ತಗೊಂಡು ಅವರ ಹತ್ರಾನೂ ಅಷ್ಟೇ ಜೋರಾಗಿ ಆಡಿ. ಒಂದೇ ಸಲ ಹೇಳ್ತೀನಿ. ಪೂರ್ತಿ ಹೇಳ್ತೀನಿ. ಆಮೇಲೆ ನನ್ನ ಕೇಳಬಾರದು.”

ಮೂರು ವಾರ ಅವಳು ಸೋತು ಕೂತಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ. ಅವಳು ದಾರಿ ಹುಡುಕುತ್ತಿದ್ದಳು. ಠಾಣೆಗೆ, ಆಸ್ಪತ್ರೆಗೆ, ಸರ್ಕಾರಕ್ಕೆ ಹೊಳೆಯದ ದಾರಿಯನ್ನು ಉಸಿಪಾ ಮಾರುವ ಹೆಂಗಸು ತಾನೇ ಕಂಡುಕೊಂಡು, ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಕೈ ಚಾಚಿ ಕೋಳಿಯನ್ನು ತೆಗೆದುಕೊಂಡೆ. ಅದು ತಕ್ಷಣ ನನ್ನ ಬಿಳಿ ಯೂನಿಫಾರಂ ಮೇಲೆ ಕಕ್ಕ ಮಾಡಿತು. ಮಲಿಟಾ ನಕ್ಕಳು. ಅವಳ ಒಂದು ಪಕ್ಕದ ಹಲ್ಲು ಇಲ್ಲವೆಂದು ನನಗೆ ಗೊತ್ತಾದದ್ದು ಆವತ್ತು.

ಕೋಳಿಯನ್ನು ತೂಕದ ಯಂತ್ರದ ಕಾಲಿಗೆ ಕಟ್ಟಿದೆ. ಬಾಗಿಲು ಹಾಕಿ, ನೆಲದ ಮೇಲೆ ಚಾಪೆ ಹಾಸಿ, ಇಬ್ಬರೂ ಕೂತೆವು. ಪೆನ್ನು ಮುಟ್ಟಲಿಲ್ಲ. ಅವಳು ಹೇಳಿದಳು. ನಾನು ‘ಮೊದಲಿಂದ’ ಎನ್ನಲಿಲ್ಲ, ‘ಆಮೇಲೆ’ ಎಂದೂ ಎನ್ನಲಿಲ್ಲ. ನಡುವೆ ಎರಡು ಸಲ ನಿಲ್ಲಿಸಿದಳು, ಅವಳಾಗಿ ಶುರು ಮಾಡುವವರೆಗೆ ಕಾದೆ. ಇಪ್ಪತ್ತೊಂದು ವರ್ಷದಲ್ಲಿ ಒಬ್ಬ ಹೆಂಗಸಿನ ಮಾತನ್ನು ಕೊನೆಯವರೆಗೆ ಸುಮ್ಮನೆ ಕೇಳಿದ್ದು ಅದೇ ಮೊದಲು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮುಗಿದ ಮೇಲೆ ಬರೆದೆ. ಬರೆದದ್ದನ್ನು ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡು ಎರಡು ಕಡೆ ತಡೆದಳು.

“ನಾಯಿ ಬೊಗಳಿದ್ದು ಆಮೇಲಲ್ಲ ಸಿಸ್ಟರ್. ಮುಂಚೆ. ಅವನು ಬಾಗಿಲ ಹತ್ರ ಹೋದಾಗ.”

ತಿದ್ದಿದೆ.

“ಅವನು ಎಂಜಿನ್ ಆರಿಸಿದ ಅಂತ ಬರ್ದಿದೀರ. ಆರಿಸ್ಲಿಲ್ಲ. ಓಡ್ತಾನೇ ಇತ್ತು. ಅದಕ್ಕೇ ಯಾರಿಗೂ ಕೇಳಿಸ್ಲಿಲ್ಲ.”

ಅದನ್ನೂ ತಿದ್ದಿದೆ.

“ಆವತ್ತು ಬೀಸಿದ ಹಿಟ್ಟು ಇನ್ನೂ ಚೀಲದಲ್ಲೇ ಇದೆ,” ಎಂದಳು ಹೆಬ್ಬೆಟ್ಟು ಒತ್ತುತ್ತ. “ಎನ್‌ಸಿಮಾ ಮುದ್ದೆ ಮಾಡಿ ಉಣ್ಣೋಕೂ ಆಗಲ್ಲ. ಎಸೆಯೋಕೂ ಆಗಲ್ಲ. ಕಟ್ಟಿಟ್ಟಿದೀನಿ. ಇದನ್ನ ಬರೀಬೇಡಿ.”

ನಾನು ಬರೆಯಲಿಲ್ಲ.

ಆ ಕಾಗದ ಹಿಡಿದು ನಾನು ಹೊರಟೆ. ಮೊದಲು ಡಾಕ್ಟರ್ ಚಿಪೇಟಾ. ಓದಿ, “ಇಷ್ಟಿದ್ರೆ ನನಗೆ ಸಾಕು,” ಎಂದ. ಸಮಾಜ ಕಲ್ಯಾಣದ ಹೆಂಗಸು ತನ್ನ ಬೇರೆ ಫಾರಮ್ ತೆಗೆದಳು. ಅದನ್ನು ನಾನೇ ತುಂಬಿಕೊಟ್ಟೆ. ಉಳಿದದ್ದು ಠಾಣೆ. ಶುಕ್ರವಾರ ಬೆಳಿಗ್ಗೆ ಅಲ್ಲಿಗೆ ಹೋದೆ. ಸಾರ್ಜೆಂಟ್ ಲಿಪೆಂಗಾ ಕುರ್ಚಿ ಹಿಂದಕ್ಕೆ ವಾಲಿಸಿ ಕಡಲೆಕಾಯಿ ಸುಲಿಯುತ್ತಿದ್ದ. ನನ್ನ ಮಾತು ಕೇಳಿ ಹುಬ್ಬೇರಿಸಿದ.

“ಸಿಸ್ಟರ್, ಅಪರಾಧ ಆಗಿದ್ದು ನಿಮ್ಮ ಮೇಲಾ?”

“ಅಲ್ಲ.”

“ಮತ್ತೆ ಹೇಳಿಕೆ ನೀವ್ಯಾಕೆ ಹೊತ್ಕೊಂಡು ಬಂದ್ರಿ? ಅವಳಿಗೆ ಬಾಯಿ ಇಲ್ವಾ?”

“ನಿಮ್ಮ ಹೆಂಡ್ತೀನ ಮದುವೆಗೆ ಕೇಳೋಕೆ ಅವರ ಮನೆಗೆ ನೀವೇ ಹೋಗಿದ್ರಾ ಸಾರ್ಜೆಂಟ್?”

“ನಾನ್ಯಾಕೆ ಹೋಗ್ಲಿ? ನಮ್ಮ ಸೋದರಮಾವ ಹೋಗಿದ್ರು.”

“ಯಾಕೆ, ನಿಮಗೆ ಬಾಯಿ ಇರ್ಲಿಲ್ವಾ?”

ಪಕ್ಕದ ಮೇಜಿನ ಕಾನ್‌ಸ್ಟೇಬಲ್ ಕಿಸಕ್ಕೆಂದ. ಲಿಪೆಂಗಾ ಅವನ ಕಡೆ ಒಂದು ಕಡಲೆಕಾಯಿ ಎಸೆದ.

“ಸಂತೋಷದ ಮಾತಿಗೇ ನಮಗೆ ಇನ್ನೊಬ್ಬರ ಬಾಯಿ ಬೇಕು,” ಎಂದೆ. “ಇದೆಂಥ ಮಾತು ಅಂತ ನಿಮಗೆ ಗೊತ್ತು. ಅವಳು ಐದು ಸಲ ಹೇಳಿದಾಳೆ. ಅದರಲ್ಲಿ ಎರಡು ಸಲ ನನಗೇ. ನಿಮ್ಮವರಿಗೆ ಎರಡು ಸಲ. ಒಬ್ಬರಾದ್ರೂ ನೆಟ್ಟಗೆ ಬರ್ಕೊಂಡ್ರಾ? ಓದಿ ಇದನ್ನ. ಓದಿದ ಮೇಲೆ ಆಗಲ್ಲ ಅಂತ ಹೇಳಿ, ನಾನು ಎದ್ದು ಹೋಗ್ತೀನಿ.”

ಅವನು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದ. ಎಂಜಿನ್ನಿನ ಸಾಲಿನ ಮೇಲೆ ಬೆರಳು ನಿಂತಿತು.

“ನನ್ನ ಹೆಂಡ್ತೀನೂ ಅಲ್ಲೇ ಬೀಸ್ಕೊಂಡು ಬರ್ತಾಳೆ,” ಎಂದ. ಕುರ್ಚಿಯ ಮುಂದಿನ ಕಾಲುಗಳು ನೆಲಕ್ಕೆ ಬಂದವು.

ಅಂದೇ ಮಧ್ಯಾಹ್ನ ಅವನು ಆಸ್ಪತ್ರೆಗೆ ಬಂದ. ಬೂಟು ಬಿಚ್ಚಿಟ್ಟು, ಟೋಪಿ ತೆಗೆದು, ಅಷ್ಟು ದೊಡ್ಡ ಆಸಾಮಿ ಮೊಣಕಾಲು ಲಟಲಟ ಎನ್ನಿಸುತ್ತ ಚಾಪೆಯ ಮೇಲೆ ಕೂತ. ಕಾಗದ ಓದಿ, “ಇದು ನಿಮ್ಮ ಮಾತೇನಾ ಅಮಾಯಿ?” ಎಂದು ಕೇಳಿದ. ಮಲಿಟಾ ಹೌದೆಂದಳು. ಕಾಗದದಲ್ಲಿ ಇಲ್ಲದ ಮೂರೇ ಮೂರು ಪ್ರಶ್ನೆ ಕೇಳಿದ. ಮೂರಕ್ಕೂ ಅವಳು ಬಾಯಿಬಿಟ್ಟು ಉತ್ತರ ಕೊಟ್ಟಳು. ಶನಿವಾರ ಬೆಳಿಗ್ಗೆ ಗಿರಣಿಯವನನ್ನು ಹಿಡಿದರು. ಗಿರಣಿಯ ಕೀಲಿ ಅವನ ತಮ್ಮನ ಹೆಂಡತಿಯ ಕೈಗೆ ಹೋಯಿತು.

ನಾನು ನರ್ಸು, ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಬಲ್ಲವಳು. ಮುಂದಿನ ವಾರಗಳಲ್ಲಿ ಮಲಿಟಾಳಲ್ಲಿ ಕಂಡದ್ದು ಮಾತ್ರೆಯ ಕೆಲಸವಲ್ಲ. ನಿದ್ದೆ ಬರುತ್ತಿದೆ ಎಂದಳು. ತಟ್ಟೆಯಲ್ಲಿ ಅರ್ಧ ಉಳಿಯುತ್ತಿದ್ದ ಊಟ ಉಳಿಯದಾಯಿತು. ತಿಂಗಳ ಹೊತ್ತಿಗೆ ಸಂತೆಯಲ್ಲಿ ಅವಳ ಚಾಪೆ ಮತ್ತೆ ಹಾಸಿತ್ತು. ನಾನು ಉಸಿಪಾ ಕೇಳಿದರೆ ಹಳೆಯ ಬೆಲೆಯನ್ನೇ ಹೇಳಿ, “ಎನ್‌ಖೋಸ್ವೆ ಅಂತ ಕಮ್ಮಿ ಮಾಡಲ್ಲ,” ಎಂದಳು. ಚೌಕಾಸಿಯಲ್ಲಿ ಮತ್ತೆ ಸೋತೆ. ಸೋತು ಅಷ್ಟು ಖುಷಿಯಾದದ್ದು ನೆನಪಿಲ್ಲ.

ಆದರೆ ಕೋರ್ಟು ಬಾಕಿ ಇತ್ತು. ಅಲ್ಲಿ ಎನ್‌ಖೋಸ್ವೆ ನಡೆಯುವುದಿಲ್ಲ. ಸಾಕ್ಷಿ ತನ್ನ ಬಾಯಿಂದಲೇ ಆಡಬೇಕು, ಅದೂ ಅವನ ಎದುರು. ಅವಳು ಆಡದಿದ್ದರೆ ಕೇಸು ಬಿದ್ದುಹೋಗುತ್ತದೆ, ಅವನು ಮರಳಿ ಬಂದು ಅದೇ ಬಾಗಿಲಲ್ಲಿ ನಿಲ್ಲುತ್ತಾನೆ ಎಂದು ಸರ್ಕಾರಿ ವಕೀಲರು ಹೇಳಿದ್ದರು. ಆರು ತಿಂಗಳು ಆ ಚಿಂತೆ ನನ್ನನ್ನು ಕೊರೆಯಿತು. ಅವಳ ಹತ್ತಿರ ಕೇಳಲಿಲ್ಲ. ಕೇಳಬಾರದು ಎಂದು ಮಾತಾಗಿತ್ತು.

ಚಳಿಗಾಲದ ಒಂದು ಬೆಳಿಗ್ಗೆ ವಿಚಾರಣೆ. ಹೊರಗಿನವರನ್ನೆಲ್ಲ ಕಳಿಸಿ ಬಾಗಿಲು ಮುಚ್ಚಿದರು. ನನ್ನ ಸಾಕ್ಷಿ ಮೊದಲೇ ಮುಗಿದಿದ್ದರಿಂದ ಒಳಗೆ ಕೂರಲು ಬಿಟ್ಟರು. ಮುದುಕ ಗಲಸ್ಯಾನೊ ಹೊರಗೆ ಜಗಲಿಯಲ್ಲಿ, ಗಿರಣಿಯವನ ಕಡೆಯವರ ಬೆಂಚಿನ ಮೇಲೆ ಕೂತಿದ್ದರು. ಮಲಿಟಾ ಮ್ಯಾಜಿಸ್ಟ್ರೇಟರಿಗೆ ಮಂಡಿಯೂರಿ ನಮಸ್ಕರಿಸಿದಳು. ಆಮೇಲೆ ಎದ್ದು, ಕಟಕಟೆಯ ಅಂಚು ಹಿಡಿದು ನಿಂತಳು.

ಹೇಳಿದಳು. ಜೋಳದ ಚೀಲ, ಸಾಲಿನ ಕೊನೆ, ನಾಯಿ ಮೊದಲು ಬೊಗಳಿದ್ದು, ಬಾಗಿಲು, ನಿಲ್ಲದೆ ಓಡಿದ ಎಂಜಿನ್. ದನಿ ಏರಲಿಲ್ಲ, ಇಳಿಯಲಿಲ್ಲ. ಅವಳು ಹೇಳುತ್ತಿದ್ದದ್ದು ನೆರೆಮನೆಯವಳ ಕತೆಯಾಗಿರಲಿಲ್ಲ, ತನ್ನದೇ ಆಗಿತ್ತು. ಆರು ತಿಂಗಳು ಯಾರೂ ಕೈಹಾಕದೆ ಬಿಟ್ಟದ್ದರಿಂದ ಅದು ಒಡೆಯದೆ ಉಳಿದಿತ್ತು. ಅಂಥ ಧೈರ್ಯವನ್ನು ನಾನು ಎಲ್ಲೂ ಕಂಡಿಲ್ಲ, ಹೆರಿಗೆ ಕೋಣೆಯಲ್ಲೂ ಕಂಡಿಲ್ಲ.

ಗಿರಣಿಯವನ ವಕೀಲ ಎದ್ದ. ಅವನಿಗೆ ಅವಳ ಮಾತಿನಲ್ಲಿ ಹಿಡಿಯಲು ಏನೂ ಸಿಗಲಿಲ್ಲ. ಕಾಗದ ತಿರುವಿ, ತಲೆಯೆತ್ತಿ ಕೇಳಿದ.

“ಅಮಾಯಿ, ನಿಮ್ಮ ಹೇಳಿಕೆ ಬರೆದ ಸಿಸ್ಟರಿಗೆ ನೀವು ಒಂದು ಕೋಳಿ ಕೊಟ್ಟಿದ್ದು ನಿಜಾನಾ?”

ಅವಳು ಕೋಳಿ ತಂದದ್ದನ್ನು ಅಂದು ಚೀಟಿ ಸಾಲಿನವರೆಲ್ಲ ನೋಡಿದ್ದರು. ಊರಲ್ಲಿ ಕೇಳಿಸಿಕೊಂಡ ಮುದುಕ ಗಲಸ್ಯಾನೊ ಇವರಿಗೆ ಹೇಳಿಬಿಟ್ಟಿದ್ದ. ನಾನು ಆ ಕೋಳಿಯ ವಿಷಯವನ್ನು ಸರ್ಕಾರಿ ವಕೀಲರಿಗೆ ಹೇಳಿರಲೇ ಇಲ್ಲ. ಅವರು ನನ್ನತ್ತ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಅಷ್ಟು ದೂರ ಅವಳು ಹೊತ್ತು ತಂದದ್ದನ್ನು ನನ್ನ ಬೇಜವಾಬ್ದಾರಿ ಕೆಡವಿಹಾಕಿತು ಎಂದು ಕಣ್ಣು ಮುಚ್ಚಿದೆ.

“ನಿಜ,” ಎಂದಳು ಮಲಿಟಾ.

“ಸಿಸ್ಟರು ನಿಮಗೆ ಬೇಕಾದ ಹಾಗೆ ಬರೀಲಿ ಅಂತ ಕೊಟ್ರಿ.”

“ಅಲ್ಲ.” ಅವಳು ವಕೀಲನನ್ನು ಬಿಟ್ಟು ಮ್ಯಾಜಿಸ್ಟ್ರೇಟರ ಕಡೆ ತಿರುಗಿದಳು. “ಎರಡು ದಿನದಲ್ಲಿ ನನ್ನ ಹತ್ರ ಐದು ಸಲ ಹೇಳಿಸಿದ್ರು ಸ್ವಾಮಿ. ಆರನೇದಕ್ಕೆ ಬಾಯಿ ಬರ್ಲಿಲ್ಲ. ಕೊನೇಲಿ ನಿಮ್ಮ ಮುಂದೆ ಹೇಳಬೇಕಾಗುತ್ತೆ ಅಂತ ಯಾರೋ ಹೇಳಿದ್ರು. ಅಷ್ಟೊತ್ತಿಗೆ ನನ್ನ ಹತ್ರ ಏನಾದ್ರೂ ಉಳಿದಿರಬೇಕಲ್ಲ. ಅದಕ್ಕೇ ಸಿಸ್ಟರನ್ನ ಎನ್‌ಖೋಸ್ವೆ ಮಾಡ್ಕೊಂಡೆ. ನಡುವಿನ ಮಾತೆಲ್ಲ ಅವರು ಆಡಿದ್ರು. ಇವತ್ತಿನದು ನಾನು ಉಳಿಸ್ಕೊಂಡೆ.”

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು. ಬಿಳಿ ಕೂದಲಿನ ಮನುಷ್ಯ. ಎಷ್ಟು ಸೋದರಸೊಸೆಯರ ಮಾತು ಹೊತ್ತಿದ್ದರೋ.

“ಎನ್‌ಖೋಸ್ವೆ ಇಲ್ಲಿದಾರಾ?”

ಎದ್ದು ನಿಂತೆ.

“ಕೋಳಿ ತಿಂದ್ರಾ ಅಮಾಯಿ?”

“ಇಲ್ಲ ಸ್ವಾಮಿ. ನಮ್ಮ ಹಿತ್ತಲಲ್ಲಿದೆ. ಮೊಟ್ಟೆ ಇಡ್ತಿದೆ.”

“ಯಾಕೆ ತಿನ್ಲಿಲ್ಲ?”

“ಮಾತು ಇನ್ನೂ ಮುಗಿದಿರ್ಲಿಲ್ಲ ಸ್ವಾಮಿ.”

ಅವರು ನನಗೆ ಕೂರಲು ಸನ್ನೆ ಮಾಡಿ, ಕನ್ನಡಕ ಹಾಕಿಕೊಂಡು ಬರೆಯತೊಡಗಿದರು. “ಮುಂದಿನ ಪ್ರಶ್ನೆ,” ಎಂದರು ವಕೀಲನಿಗೆ. ಅವನು ಕಾಗದ ಮಡಚಿ ಕೂತ.

ಮೂರು ವಾರದ ಮೇಲೆ ತೀರ್ಪು ಬಂತು. ಹದಿನಾಲ್ಕು ವರ್ಷ. ಆಸ್ಪತ್ರೆಯ ಮೇಲಧಿಕಾರಿ ಕೋಳಿಗಾಗಿ ನನಗೊಂದು ಎಚ್ಚರಿಕೆ ಪತ್ರ ಕೊಟ್ಟರು, ಆಮೇಲೆ ಅದೇ ಬಾಯಲ್ಲಿ, ಇನ್ನು ಮುಂದೆ ನಾಲ್ಕನೇ ಕೋಣೆಯಲ್ಲಿ ಒಂದೇ ಸಲ ಕೇಳಿ ಬರೆದುಕೊಂಡು ಆ ಕಾಗದವನ್ನೇ ಎಲ್ಲರಿಗೂ ಕಳಿಸಿ ಎಂದರು. ಮಾತ್ರೆ ಮೊದಲು, ಪೊಲೀಸರು ಆಮೇಲೆ, ಅವರೇ ಇಲ್ಲಿಗೆ ಬರಬೇಕು. ಚೀಟಿ ಕಿಟಕಿಯನ್ನು ಮಂಡಿಯೂರಿದವರಿಗೆ ಸರಿಯಾಗಿ ಕೆಳಗಿಳಿಸಿದರು. ಈಗ ಡಿಸೋನಿ ಮೋಟು ಸ್ಟೂಲಿನ ಮೇಲೆ ಕೂತು ಬೆನ್ನುನೋವು ಎಂದು ಗೊಣಗುತ್ತಾನೆ. ಕೆಂಪು ಶಾಯಿಯ ಪೆನ್ನು ನಾನು ಬಹಳ ದಿನದಿಂದ ಮುಟ್ಟಿಲ್ಲ.

ತೀರ್ಪಿನ ಮರುವಾರದ ಭಾನುವಾರ, ಚರ್ಚಿಗೆ ಹೊರಡುವ ಹೊತ್ತಿಗೆ ಮಲಿಟಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಕಟ್ಟಿದ ಚೀಲ. ಮಾತು ಮುಗಿಯಿತಲ್ಲ, ಕೋಳಿ ಕೊಯ್ದು ಒಟ್ಟಿಗೆ ಉಣ್ಣೋಣವೆಂದು ಬಂದಿದ್ದಾಳೆ ಅಂದುಕೊಂಡೆ.

“ಒಲೆ ಹಚ್ಚಲಾ?” ಎಂದೆ.

“ಬೇಡ ಅಕ್ಕ. ಕೋಳಿ ವಾಪಸ್ ಕೊಡಿ.”

ಮೊದಲ ಸಲ ಅವಳು ನನ್ನನ್ನು ಅಕ್ಕ ಎಂದದ್ದು. ಆದರೂ ನನಗೆ ಚುರುಕ್ಕೆಂದಿತು. “ಯಾಕೆ, ನಾನು ಸರಿಯಾಗಿ ಆಡ್ಲಿಲ್ವಾ?”

“ಚೆನ್ನಾಗೇ ಆಡಿದ್ರಿ. ಇನ್ನು ನನ್ನ ಮಾತು ನಾನೇ ಆಡ್ತೀನಿ. ಮಾವನಿಗೂ ಹೇಳಿ ಬಂದಿದೀನಿ.”

ಕೋಳಿ ಹಿಡಿಯಲು ಹೋದೆ. ಆರು ತಿಂಗಳು ಹಿತ್ತಲಿನ ಹುಳ ತಿಂದು ಕೊಬ್ಬಿದ್ದ ಅದು ನನ್ನನ್ನು ಬಾಳೆಗಿಡಗಳ ಸುತ್ತ ಮೂರು ಸುತ್ತು ಓಡಿಸಿತು. ಚರ್ಚಿನ ಬಟ್ಟೆಯಲ್ಲಿ ಏದುಸಿರು ಬಿಡುತ್ತ ನಿಂತೆ. ಮಲಿಟಾ ನಗುತ್ತ ಚೀಲದ ಗಂಟು ಬಿಚ್ಚಿದಳು. ಮುಗ್ಗಲು ಹಿಡಿದ, ಹುಳ ಬಿದ್ದ ಜೋಳದ ಹಿಟ್ಟು. ಯಾವ ಹಿಟ್ಟೆಂದು ನಾನು ಕೇಳಬೇಕಾಗಿರಲಿಲ್ಲ.

ಒಂದು ಹಿಡಿ ತೆಗೆದು ನೆಲಕ್ಕೆ ಎರಚಿದಳು. ಕೋಳಿ ನಿಂತು ನೋಡಿತು. ಇನ್ನೊಂದು ಹಿಡಿ. ಅದು ಓಡಿಬಂದು ಹುಳಗಳನ್ನು ಹೆಕ್ಕತೊಡಗಿತು. ಆಮೇಲೆ ಅವಳು ಚೀಲವನ್ನೇ ತಲೆಕೆಳಗು ಮಾಡಿ ಕೊಡವಿದಳು. ಹಿಟ್ಟೆಲ್ಲ ನನ್ನ ಹಿತ್ತಲ ಮಣ್ಣಿಗೆ ಬಿತ್ತು, ನೆರೆಯ ಕೋಳಿಗಳೂ ಬೇಲಿ ಹಾರಿ ಬಂದವು. ಅವಳು ಬಗ್ಗಿ ತನ್ನ ಹೇಂಟೆಯನ್ನು ಹಿಡಿದು ಕಂಕುಳಿಗೆ ಇಟ್ಟುಕೊಂಡಳು, ಖಾಲಿ ಚೀಲವನ್ನು ಮಡಚಿ ತಲೆಯ ಮೇಲೆ ಹಾಕಿಕೊಂಡಳು.

“ಬರ್ತೀನಿ ಅಕ್ಕ,” ಎಂದಳು. ಮಂಡಿಯೂರಲಿಲ್ಲ. ನಿಂತೇ ಹೇಳಿದಳು, ಆಮೇಲೆ ಸಂತೆಯ ದಾರಿ ಹಿಡಿದು ಹೊರಟಳು.